ಹಳೇ ಮೈಸೂರಿನ ವಕೀಲ-ರಾಜಕಾರಣಿಯ ಜೀವನ ಬರೆಯುವಾಗ ತಾರೀಖು ಹೊಂದಿಸುವುದು ಹೇಗೆ?

ಮೊದಲು ಹೆಸರನ್ನು ಬಿಡಿಸಿಕೊಳ್ಳಿ. ಇನಿಶಿಯಲ್‌ನ ಮೊದಲ ಅಕ್ಷರ ಸಾಮಾನ್ಯವಾಗಿ ಊರಿನದು. ‘ಎಂ’ ಎಂದರೆ ಮೈಸೂರು, ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಯಾವುದೂ ಇರಬಹುದು. ತಂದೆಯ ಹೆಸರು, ತಾಲ್ಲೂಕು ಎರಡೂ ತಾಳೆಯಾಗದೆ ಇಬ್ಬರನ್ನು ಒಬ್ಬರನ್ನಾಗಿ ಮಾಡಬೇಡಿ.

ಊರು ಸಿಕ್ಕ ಮೇಲೆ ಅಂದಿನ ಜಿಲ್ಲೆ ನೋಡಿ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹದ ಕಡತ ಬೇಕಿದ್ದರೆ ಮೈಸೂರು ಜಿಲ್ಲೆಯ ಅಡಿ ಹುಡುಕಬೇಕು. ಪಾಂಡವಪುರಕ್ಕೆ ಆಗ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು.

ಹುಟ್ಟಿದ ವರ್ಷದಲ್ಲೇ ಹೆಚ್ಚು ಎಡವಟ್ಟು. ಮನೆಯವರ ಬಳಿಯ ಜಾತಕದಲ್ಲಿ ಸಂವತ್ಸರ ಇರುತ್ತದೆ, ಇಸವಿ ಇರುವುದಿಲ್ಲ. ವಿಕೃತಿ ಸಂವತ್ಸರ ಎಂದರೆ 1890ರ ಯುಗಾದಿಯಿಂದ 1891ರ ಯುಗಾದಿಯವರೆಗೆ. ಮಾಘ ಮಾಸದಲ್ಲಿ ಹುಟ್ಟಿದವರಿಗೆ 1890 ಎಂದು ಬರೆದರೆ ಒಂದು ವರ್ಷ ತಪ್ಪಿತು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ ಅಜ್ಜ-ಮೊಮ್ಮಗನ ಜಾತಕ ಅದಲುಬದಲಾಗುವುದೂ ಉಂಟು.

ಓದಿನ ವಿಷಯಕ್ಕೆ 1916 ಗಡಿ. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗುವ ಮುಂಚೆ ಮಹಾರಾಜಾ ಕಾಲೇಜಿನಲ್ಲಿ ಓದಿದವರ ಬಿ.ಎ. ಪದವಿ ಮದ್ರಾಸ್ ವಿಶ್ವವಿದ್ಯಾನಿಲಯದ್ದು. ಕಾನೂನಿಗೆ ಮದ್ರಾಸು, ಮುಂಬಯಿ, ಪುಣೆಗೆ ಹೋಗುತ್ತಿದ್ದರು. ಊರವರು ಅಭಿಮಾನದಿಂದ ‘ಬ್ಯಾರಿಸ್ಟರ್’ ಅಂದರೂ ಇಂಗ್ಲೆಂಡಿನ ‘ಇನ್’ ಎಂಬ ವಕೀಲರ ಸಂಸ್ಥೆಗಳಲ್ಲಿ ಅರ್ಹತೆ ಪಡೆದಿರದಿದ್ದರೆ ಆ ಪದ ಬಿಟ್ಟುಬಿಡಿ. ವಕೀಲ ಎಂಬುದೇನೂ ಕಡಿಮೆ ಗೌರವದ ಮಾತಲ್ಲ. ಮೈಸೂರಿನ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟ್ ಆಯಿತು. 1925ರ ಅಪೀಲಿಗೆ ‘ಹೈಕೋರ್ಟಿನಲ್ಲಿ ವಾದಿಸಿದರು’ ಎಂದಿದ್ದರೆ ಆ ಬರಹದ ಉಳಿದ ತಾರೀಖುಗಳನ್ನೂ ಅನುಮಾನಿಸಿ.

ಈಗ ರಾಜಕೀಯ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಆರಂಭವಾದದ್ದು ಪ್ರಜಾಪ್ರತಿನಿಧಿ ಸಭೆ; ನ್ಯಾಯವಿಧಾಯಕ ಸಭೆ (ಲೆಜಿಸ್ಲೇಟಿವ್ ಕೌನ್ಸಿಲ್) ಬಂದದ್ದು 1907ರಲ್ಲಿ. ಮೊದಲನೆಯದು ಅಹವಾಲು ಹೇಳಿಕೊಳ್ಳುವ, ಚರ್ಚಿಸುವ ಜಾಗ. 1923ರಲ್ಲಷ್ಟೇ ಅದಕ್ಕೆ ಶಾಸನದ ಬಲ ಸಿಕ್ಕಿತು. ಅದರ ಸದಸ್ಯರನ್ನು ‘ಎಂಎಲ್‌ಎ’ ಎಂದು ಬರೆದರೆ ಇಂದಿನ ಅಧಿಕಾರವನ್ನೆಲ್ಲ ಅಂದಿನವರಿಗೆ ಹೊರಿಸಿದಂತೆ. ದಸರೆಯ ಅಧಿವೇಶನ ಮೈಸೂರಿನಲ್ಲೇ ನಡೆಯುತ್ತಿತ್ತು. ಮುಂದೆ ಮಹಾರಾಜರ ವರ್ಧಂತಿಯ ಹೊತ್ತಿಗೆ, ಜೂನ್‌ನಲ್ಲಿ, ಇನ್ನೊಂದು ಸೇರಿಕೊಂಡಿತು. ಆದ್ದರಿಂದ ಭಾಷಣದ ವರ್ಷ ಗೊತ್ತಿದ್ದು ತಿಂಗಳು ಗೊತ್ತಿಲ್ಲದಿದ್ದರೆ ಈ ಎರಡು ಅಧಿವೇಶನಗಳ ನಡವಳಿ ಸಂಪುಟಗಳನ್ನೇ ಮೊದಲು ತೆರೆಯಿರಿ. ಸಂಪುಟದಲ್ಲಿ ಸದಸ್ಯರ ಪಟ್ಟಿ, ಪ್ರಶ್ನೆ, ಸರ್ಕಾರದ ಉತ್ತರ ಮೂರನ್ನೂ ಬರೆದುಕೊಳ್ಳಿ. ಪ್ರಶ್ನೆ ಮಾತ್ರ ಎತ್ತಿಕೊಂಡರೆ, ಕೇಳಿದ್ದೆಲ್ಲ ಕೈಗೂಡಿತು ಎಂಬಂತೆ ಕಾಣುತ್ತದೆ. ಅಭಿನಂದನಾ ಗ್ರಂಥಗಳು ಸಾಮಾನ್ಯವಾಗಿ ಮಾಡುವುದೇ ಇದನ್ನು.