ಅಯೋವಾದ ಹಳೇ ಹೊಲಗಳಿಗೆ ಮನೆಮಂದಿಯೆಲ್ಲ ಹೋಗುವುದಾದರೆ

ಊರಿಂದ ಅತ್ತೆ-ಮಾವ ಬಂದರೆ ನಾನು ಅವರನ್ನು ಮಾಲ್‌ಗೆ ಕರೆದೊಯ್ಯುವ ಮೊದಲು ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡೆಮಾಯ್ನ್ ಪಕ್ಕದ ಅರ್ಬನ್‌ಡೇಲ್‌ನಲ್ಲಿರುವ ಲಿವಿಂಗ್ ಹಿಸ್ಟರಿ ಫಾರ್ಮ್ಸ್‌ಗೆ ಕರೆದೊಯ್ಯುತ್ತೇನೆ. 1970ರಲ್ಲಿ ಶುರುವಾದ, ಹಳೇ ಕಾಲದ ಬೇಸಾಯವನ್ನು ಮಾಡಿ ತೋರಿಸುವ ಬಯಲು ವಸ್ತುಸಂಗ್ರಹಾಲಯ. 1700ರ ಅಯೋವೇ ಎಂಬ ಮೂಲನಿವಾಸಿಗಳ ಬೇಸಾಯ, 1850ರ ವಲಸಿಗರ ಹೊಲ, 1900ರ ಕುದುರೆ ಬೇಸಾಯ, ಜೊತೆಗೆ 1875ರ ವಾಲ್‌ನಟ್ ಹಿಲ್ ಎಂಬ ಪುಟ್ಟ ಪೇಟೆ, ಎಲ್ಲವೂ ಒಂದೇ ಕಡೆ.

ಪೇಟೆಯನ್ನು ಕೊನೆಗಿಟ್ಟುಕೊಳ್ಳಿ. ಮಕ್ಕಳು ಅಂಗಡಿ ಸಾಲಿಗೆ ನುಗ್ಗಿದರೆ ಅಲ್ಲಿಂದ ಹೊರಡಿಸುವುದು ಕಷ್ಟ, ಅಷ್ಟರಲ್ಲಿ ಬಿಸಿಲು ಏರಿರುತ್ತದೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಟ್ರ್ಯಾಕ್ಟರ್ ಎಳೆಯುವ ಗಾಡಿ ಹತ್ತಿ ಹೊಲಗಳ ಕಡೆ ಹೊರಟುಬಿಡಿ. ನಡೆದೂ ಹೋಗಬಹುದು, ಆದರೆ ಮಂಡಿನೋವಿನವರು ಜೊತೆಗಿದ್ದರೆ ಆ ಸಾಹಸ ಬೇಡ.

ಅಯೋವೇ ಹೊಲದ ಮುಂದೆ ಬಹಳ ಮಂದಿ ಒಂದು ಫೋಟೊ ಹೊಡೆದು ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ತೊಗಟೆ ಹೊದಿಸಿದ ಮನೆಯೊಳಗೆ ಹೋಗಿ, ಮೆಕ್ಕೆಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬಿಸುವುದನ್ನೂ ಕುಂಬಳದ ಎಲೆ ನೆಲಕ್ಕೆ ನೆರಳಾಗುವುದನ್ನೂ ಕೇಳಿ ತಿಳಿದುಕೊಳ್ಳಿ. ರಾಜ್ಯಕ್ಕೆ ಹೆಸರು ಬಂದದ್ದೇ ಈ ಅಯೋವೇ ಜನರಿಂದ. 1830ರ ದಶಕದ ಒಪ್ಪಂದಗಳು ಇವರನ್ನು ಇಲ್ಲಿಂದ ಎಬ್ಬಿಸಿದವು. ಇಂದು ಕಾನ್ಸಾಸ್-ನೆಬ್ರಾಸ್ಕಾ ಗಡಿಯಲ್ಲೂ ಓಕ್ಲಹೋಮಾದಲ್ಲೂ ಇದ್ದಾರೆ. ಇದನ್ನು ಮಕ್ಕಳಿಗೆ ಇಲ್ಲೇ ಹೇಳಿಬಿಡಬೇಕು. ಇಲ್ಲವಾದರೆ ಮುಂದಿನ ಮರದ ದಿಮ್ಮಿಯ ಮನೆ ನೋಡಿದಾಗ, ವಲಸಿಗರು ಖಾಲಿ ನೆಲದಲ್ಲಿ ಬಂದು ಕೂತರು ಎಂದುಕೊಂಡುಬಿಡುತ್ತಾರೆ.

1850ರ ಹೊಲದಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳಿ, ಎತ್ತುಗಳು ಇರುವುದು ಅಲ್ಲೇ. ಮಾವನವರ ಕಣ್ಣು ಮೊದಲು ಹೋದದ್ದು ನೊಗದ ಮೇಲೆ. ಇಲ್ಲಿನ ಎತ್ತಿಗೆ ಹಿಣಿಲಿಲ್ಲ. ಹಾಗಾಗಿ ಬಗ್ಗಿಸಿದ ಮರದ ಕಮಾನು ಕೊರಳನ್ನು ಕೆಳಗಿಂದ ಬಳಸಿ, ನೊಗದ ತೂತಿನಲ್ಲಿ ಮೇಲೆ ಬಂದು ಗೂಟಕ್ಕೆ ಸಿಕ್ಕಿಕೊಳ್ಳುತ್ತದೆ. "ಎಳೆತವೆಲ್ಲ ಹೆಗಲಿಗೇ ಬೀಳುತ್ತೆ ನೋಡೋ" ಎಂದು ಮೊಮ್ಮಗನಿಗೆ ತೋರಿಸಿದರು. ಮೂಗುದಾರವೂ ಇಲ್ಲ. ಎತ್ತು ಹೊಡೆಯುವವರು ಎಡಮಗ್ಗುಲಲ್ಲಿ ನಡೆಯುತ್ತಾ "ಜೀ" ಎಂದರೆ ಬಲಕ್ಕೆ, "ಹಾ" ಎಂದರೆ ಎಡಕ್ಕೆ. ಮಗ ಮನೆಗೆ ಬಂದ ಮೇಲೂ ತಂಗಿಯನ್ನು ಹೀಗೇ "ಜೀ", "ಹಾ" ಎನ್ನುತ್ತಾ ನಡೆಸುತ್ತಿದ್ದ. ಆಳಕ್ಕೆ ಬೇರುಬಿಟ್ಟ ಹುಲ್ಲುಗಾವಲಿನ ಜಿಗುಟು ಮಣ್ಣು ನೇಗಿಲಿಗೆ ಅಂಟಿ ಕಾಡುತ್ತಿತ್ತು. 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡೀರ್ ನಯವಾದ ಉಕ್ಕಿನ ನೇಗಿಲು ಮಾಡಿದ್ದು ಇಂಥ ನೆಲಕ್ಕಾಗಿಯೇ. ನೇಗಿಲ ಬಗ್ಗೆ ಒಂದು ಪ್ರಶ್ನೆ ಹಾಕಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ.

ಹಳೇ ಕಾಲದ ಉಡುಪು ತೊಟ್ಟವರನ್ನು ಕಂಡು ಸಂಕೋಚ ಬೇಡ, ಅವರೇನೂ ನಾಟಕ ಆಡುತ್ತಿಲ್ಲ. "ಇದು ನಿಜವಾದ ಬೆಂಕಿಯಾ?" ಎಂದು ಕೇಳುವ ಬದಲು "ಈಗ ಏನು ಮಾಡ್ತಿದ್ದೀರಿ, ಆಮೇಲೆ ಏನು?" ಎಂದು ಕೇಳಲು ಮಕ್ಕಳಿಗೆ ಹೇಳಿಕೊಡಿ. ಕೆಲಸ ಮಾಡುವವರಿಗೆ ಕೆಲಸದ ಬಗ್ಗೆ ಕೇಳಿದರೆ ಖುಷಿ.

1900ರ ಮನೆಗೆ ಮಧ್ಯಾಹ್ನದ ಅಡುಗೆ ಹೊತ್ತಿಗೆ ತಲುಪುವ ಹಾಗೆ ನೋಡಿಕೊಳ್ಳಿ. ಸೌದೆ ಉರಿಸುವ ಕಬ್ಬಿಣದ ಒಲೆಯ ಮುಂದೆ ನಿಂತ ನಮ್ಮತ್ತೆಯನ್ನು ಕದಲಿಸಲು ಆಗಲಿಲ್ಲ. ರುಚಿ ನೋಡಲು ಸಿಗುತ್ತದೆ ಎಂದು ಮಾತ್ರ ಕಾಯಬೇಡಿ. ಚಿತ್ರಾನ್ನವೋ ಮೊಸರನ್ನವೋ ಕಟ್ಟಿಕೊಂಡು ಹೋಗಿ ಕಾರಿನಲ್ಲಿ ಐಸ್ ಡಬ್ಬಿಯೊಳಗೆ ಇಟ್ಟಿರಿ.

ಪೇಟೆಯಲ್ಲಿ ಕಮ್ಮಾರನ ಕುಲುಮೆ ಹೇಗೂ ಎಲ್ಲರನ್ನೂ ಎಳೆಯುತ್ತದೆ. 1870ರ ಫ್ಲಿನ್ ಬಂಗಲೆ ಚೆಂದ, ಆದರೆ ಮಕ್ಕಳಿಗೆ ಬೇಜಾರು. ನನ್ನ ಆಯ್ಕೆ ಪೊರಕೆ ಕಟ್ಟುವ ಅಂಗಡಿ: ಆ ಪೊರಕೆಯ ಗಿಡ ನಮ್ಮ ಬಿಳಿಜೋಳದ ಜಾತಿಯದೇ, ತೆನೆಯ ಕಡ್ಡಿ ಮಾತ್ರ ಉದ್ದ.

ಹೊಲಗಳು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತವೆ. ರಜಾದಿನಗಳನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಜುಲೈನಲ್ಲಿ ಇಲ್ಲಿನ ಸೆಕೆ ಮಂಗಳೂರಿನವರಿಗೇ ಸಾಕೆನಿಸುತ್ತದೆ, ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯೇ ಸರಿ. ನೀರು, ಟೋಪಿ, ಮುಚ್ಚಿದ ಬೂಟು ಇರಲಿ. ತಳ್ಳುಗಾಡಿ ತರುವುದಾದರೆ ದೊಡ್ಡ ಚಕ್ರದ್ದೇ ತನ್ನಿ. ಟ್ರ್ಯಾಕ್ಟರ್ ಗಾಡಿಯಿಂದ ಇಳಿಯುವಾಗ ವಾಪಸ್ ಹೋಗುವ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಎಂದು ಓಡಿಸುವವರನ್ನೇ ಕೇಳಿಟ್ಟುಕೊಳ್ಳಿ.