ಆರೋಗ್ಯ ಕಾರ್ಡಿನಿಂದ ನಿಮ್ಮೂರಿಗೆ ಎಷ್ಟು ಉಪಯೋಗ? ಲೆಕ್ಕ ಹಾಕುವುದು ಹೀಗೆ

ಸರ್ಕಾರದ ಆರೋಗ್ಯ ಯೋಜನೆ ಊರಲ್ಲಿ ಹೇಗೆ ನಡೆದಿದೆ ಅಂತ ನೋಡಲು ಹೊರಟವರು ಮೊದಲು ಕೇಳುವುದು ‘ಕಾರ್ಡ್ ಇದೆಯಾ?’ ಅಂತ. ಇದೆ ಅಂದರೆ ಟಿಕ್ ಹಾಕಿ ಮುಂದಿನ ಮನೆ. ಜೇವರ್ಗಿ, ಆಳಂದ ಕಡೆ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕಾರ್ಡ್ ಎಣಿಸಿದರೆ ಕಾರ್ಡ್ ಎಷ್ಟಿವೆ ಅನ್ನೋದಷ್ಟೇ ಗೊತ್ತಾಗುತ್ತದೆ. ಕಾಯಿಲೆ ಬಂದಾಗ ಮನೆಯವರ ಕೈಯಿಂದ ಎಷ್ಟು ಹೋಯಿತು, ಅದನ್ನು ಹುಡುಕಬೇಕು.

ಮೊದಲು ನಿಯಮ ತಿಳಿದುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ 30, ಅದೂ 1.5 ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ಆಮೇಲೆ ಮನೆ ಆರಿಸಿ. ಮೂವತ್ತು ಸಾಕು, ಆದರೆ ಎಲ್ಲ ಓಣಿಯಿಂದಲೂ ಇರಲಿ. ಆಸ್ಪತ್ರೆಯಿಂದ ಪಟ್ಟಿ ತರಬೇಡಿ, ಅದರಲ್ಲಿ ಚಿಕಿತ್ಸೆ ಸಿಕ್ಕವರಷ್ಟೇ ಇರುತ್ತಾರೆ. ಅರ್ಧ ದಾರಿಯಿಂದ ವಾಪಸ್ ಬಂದವರು, ಹೋಗದೇ ಮನೆಯಲ್ಲೇ ತೀರಿಹೋದವರು ಯಾರು ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಅವರನ್ನು ಕೇಳಿ. ಪುಣೆ, ಮುಂಬೈಗೆ ದುಡಿಯಲು ಹೋದವರ ಮನೆಗೆ ಬೀಗ ಇದೆ ಅಂತ ಬಿಟ್ಟುಬಿಡಬೇಡಿ. ಯುಗಾದಿಗೋ ಜಾತ್ರೆಗೋ ಊರಿಗೆ ಬಂದಾಗ ಮಾತಾಡಿಸಿ.

ಜಾಸ್ತಿ ಜನ ತಪ್ಪುವುದು ಖರ್ಚು ಕೇಳುವಾಗ. ‘ಎಷ್ಟು ಖರ್ಚಾಯ್ತು?’ ಅಂತ ಒಂದೇ ಪ್ರಶ್ನೆ ಹಾಕಿದರೆ ಸರಿಯಾದ ಉತ್ತರ ಬರೋದಿಲ್ಲ. ಜೇವರ್ಗಿ ತಾಲ್ಲೂಕಿನ ಒಂದು ಮನೆಯಲ್ಲಿ ಅಜ್ಜಿಯನ್ನು ಹಾಗೆ ಕೇಳಿದಾಗ ‘ಏನೂ ಇಲ್ರಿ, ಎಲ್ಲಾ ಫ್ರೀ ಆತ್ರಿ’ ಅಂದರು. ಹೊರಡುವ ಮುಂಚೆ ಸುಮ್ನೆ ‘ಯವ್ವಾ, ಆಸ್ಪತ್ರೆಗೆ ಹೆಂಗ ಹೋದ್ರಿ?’ ಅಂದೆ. ಅಜ್ಜಿ ಒಳಗೆ ಹೋಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ ತಂದು ನೆಲದ ಮೇಲೆ ಸುರಿದರು. ದಾಖಲಾಗುವ ಮುಂಚೆ ಹೊರಗೆ ಮಾಡಿಸಿದ ಸ್ಕ್ಯಾನಿಂಗ್ ರಸೀದಿ, ಮೆಡಿಕಲ್ ಅಂಗಡಿಯ ನಾಲ್ಕು ಬಿಲ್. ಟಂಟಂ ಬಾಡಿಗೆಗೆ ಬಿಲ್ಲೇ ಇಲ್ಲ. ಹನ್ನೊಂದು ದಿನ ಜೊತೆಗಿದ್ದ ಮಗನ ಕೂಲಿ ಹೋಗಿತ್ತು. ಎರಡು ಆಡು ಮಾರಿದ್ದರು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಆಪರೇಷನ್‌ಗೆ ದುಡ್ಡು ಕೊಟ್ಟಿರಲಿಲ್ಲ, ಅವರ ಲೆಕ್ಕದಲ್ಲಿ ಖರ್ಚು ಅಂದರೆ ಅದೊಂದೇ.

ಹಾಗಾಗಿ ದಿನದಿನದ ಕಥೆ ಹೇಳಿಸಿ. ಯಾವಾಗ ನೋವು ಶುರುವಾಯ್ತು, ಮೊದಲು ಯಾರ ಹತ್ತಿರ ಹೋದಿರಿ, ಕಲಬುರಗಿಯೋ ಸೊಲ್ಲಾಪುರವೋ ಹೈದರಾಬಾದೋ, ಜೊತೆಗೆ ಯಾರಿದ್ದರು, ಊಟ ಎಲ್ಲಿ, ದುಡ್ಡು ಎಲ್ಲಿಂದ ತಂದಿರಿ. ಸಾಲವಾದರೆ ಬಡ್ಡಿಯನ್ನೂ ಕೇಳಿ. ರೆಫರಲ್ ಚೀಟಿಗಾಗಿ ಎಷ್ಟು ದಿನ ಓಡಾಡಿದರು ಅನ್ನೋದನ್ನು ಬೇರೆಯಾಗಿ ಬರೆದುಕೊಳ್ಳಿ.

ಮೊಬೈಲ್ ಫಾರ್ಮ್ ಬೇಡ, ನೋಟ್‌ಬುಕ್ಕೇ ಇರಲಿ. ‘ತೃಪ್ತಿ ಇದೆಯಾ, ಐದಕ್ಕೆ ಎಷ್ಟು?’ ಅನ್ನುವ ರೆಡಿಮೇಡ್ ಫಾರ್ಮಿಗೆ ಮನೆಗೆ ಬಂದವರ ಮುಖ ನೋಡಿ ಎಲ್ಲರೂ ಐದು ಅಂತಾರೆ. ಆ ಅಂಕಿಯಿಂದ ಏನೂ ಗೊತ್ತಾಗಲ್ಲ.

ಕೊನೆಗೆ ಹೋಲಿಕೆ. ಬಿಪಿಎಲ್ ಕುಟುಂಬಗಳ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡುತ್ತಿದ್ದ ಹಿಂದಿನ ಯೋಜನೆ, ವಾಜಪೇಯಿ ಆರೋಗ್ಯಶ್ರೀ, 2010ರಲ್ಲಿ ಮೊದಲು ಶುರುವಾದದ್ದು ನಮ್ಮ ಗುಲ್ಬರ್ಗ ವಿಭಾಗದಲ್ಲೇ. ಸಂಶೋಧಕರು ಯೋಜನೆ ಬಂದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದ ಹಳ್ಳಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಯೋಜನೆಯಲ್ಲಿ ಚಿಕಿತ್ಸೆ ಇದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು, ಯೋಜನೆ ಬಂದ ಕಡೆ ಶೇ 64ರಷ್ಟು ಕಡಿಮೆ ಇತ್ತು. 2014ರಲ್ಲಿ ಇದು ಪ್ರಕಟವಾಯಿತು. ಒಂದೇ ಊರು ನೋಡಿದ್ದರೆ ಇದು ಕಾಣುತ್ತಿತ್ತಾ? ಈಗ ಆರೋಗ್ಯ ಕರ್ನಾಟಕ ಎಲ್ಲ ಕಡೆ ಇದೆ, ಆದ್ದರಿಂದ ನೀವು ಆಸ್ಪತ್ರೆಗೆ ಹತ್ತಿರದ ಒಂದು ಊರು, ದೂರದ ಒಂದು ಊರು ತೆಗೆದುಕೊಳ್ಳಿ.

ಗ್ರಾಮಸಭೆಯಲ್ಲಿ ಎರಡು ಲೆಕ್ಕ ಓದಿದರೆ ಸಾಕು: ಎಷ್ಟು ಜನ ದಾಖಲಾದರು, ಅವರಲ್ಲಿ ಎಷ್ಟು ಮನೆಯವರು ಸಾಲ ಮಾಡಿದರು. ಆದರೆ ಯಾರ ಹೆಸರನ್ನೂ ಓದಬೇಡಿ, ಕಾಯಿಲೆ ಅವರವರ ಮನೆಯ ವಿಷಯ.