ಕಿತ್ತ ಹಲ್ಲೇ ಗ್ರಾಫ್ಟ್: ನನ್ನ ಅನುಭವ

ಇಂಪ್ಲಾಂಟ್ (ದವಡೆಗೆ ಕೂರಿಸುವ ಕೃತಕ ಬೇರು) ಹಾಕಲು ಮೂಳೆ ಸಾಲದಿದ್ದರೆ ಅಲ್ಲಿ ತುಂಬುವ ಪುಡಿಯೇ ಗ್ರಾಫ್ಟ್. ಅರ್ಧ ಗ್ರಾಂ ಬೋವೈನ್ ಗ್ರಾಫ್ಟ್‌ಗೆ ಐದಾರು ಸಾವಿರ, ಅದರ ಮೇಲೆ ಹೊದಿಸುವ ಕೊಲಾಜನ್ ಮೆಂಬ್ರೇನ್‌ಗೆ ಮತ್ತೆ ಹೆಚ್ಚುಕಮ್ಮಿ ಅಷ್ಟೇ. ನಮ್ಮೂರಂಥ ಜಾಗದಲ್ಲಿ ಇಂಪ್ಲಾಂಟ್ ರೇಟಿನ ಮೇಲೆ ಇದನ್ನೂ ಸೇರಿಸಿ ಹೇಳಿದರೆ ‘ಮನೇಲಿ ಕೇಳ್ಕೊಂಡು ಬರ್ತೀನಿ’ ಅಂತ ಎದ್ದವರು ಮತ್ತೆ ಬರುವುದಿಲ್ಲ. ದುಡ್ಡಿದ್ದವರ ತಕರಾರೇ ಬೇರೆ. ದನದ ಮೂಳೆಯಿಂದ ಮಾಡಿದ್ದು ಅಂದ ಕೂಡಲೇ ರಿಟೈರ್ಡ್ ಮೇಷ್ಟ್ರೊಬ್ಬರು, ‘ಅದು ಬೇಡಿ ಡಾಕ್ಟ್ರೇ, ಹಲ್ಸೆಟ್ಟೇ ಕೊಟ್ಬಿಡಿ’ ಅಂದರು. ಅವರ ಬಾಯಲ್ಲೇ ಅಲ್ಲಾಡುವ, ಕೀಳಲೇಬೇಕಾದ ಹಲ್ಲು ಮೂರ್ನಾಲ್ಕಿದ್ದವು. ಅವನ್ನೇ ಪುಡಿಮಾಡಿ ಗ್ರಾಫ್ಟ್ ಆಗಿ ಹಾಕಿದರೆ ಹೇಗೆ ಅನ್ನಿಸಿತು.

ಹಲ್ಲಿನ ಎನಾಮೆಲ್ ಕೆಳಗಿನ ಗಟ್ಟಿ ಪದರವಾದ ಡೆಂಟಿನ್, ಹೊಸ ಮೂಳೆ ಹುಟ್ಟಿಸುತ್ತದೆ ಅನ್ನೋದು 1967ರಿಂದಲೇ ಗೊತ್ತಿರುವ ಸಂಗತಿ. ಆದರೂ ಸರ್ಜನ್ ಗೆಳೆಯ ‘ಕಸದ ಡಬ್ಬಿಗೆ ಹಾಕೋದನ್ನ ವಾಪಸ್ ಬಾಯಿಗೆ ಹಾಕ್ತೀಯಾ?’ ಅಂತ ನಕ್ಕಿದ್ದ. ಇದಕ್ಕೆಂದೇ ಬರುವ ಗ್ರೈಂಡರ್ ನನ್ನ ಕೈಗೆಟುಕುವ ಮಾತಲ್ಲ. ಮೂಳೆ ಪುಡಿಮಾಡಲು ಕೈಯಲ್ಲಿ ತಿರುವುವ ಬೋನ್ ಮಿಲ್ ತಂದೆ, ಹದಿನೈದು ಸಾವಿರದ ಆಸುಪಾಸು.

ಮೊದಲ ಕೇಸುಗಳು ಕೈಕೊಟ್ಟವು. ಪುಡಿ ರಂಗೋಲಿ ಹಿಟ್ಟಿನಷ್ಟು ನುಣ್ಣಗಾಗಿ, ಮೂರು ತಿಂಗಳಿಗೆ ಸಿಬಿಸಿಟಿ (ದವಡೆಯ 3ಡಿ ಎಕ್ಸ್‌-ರೇ) ತೆಗೆದರೆ ಎಲ್ಲ ಕರಗಿಹೋಗಿತ್ತು. ಈಗ ಜರಡಿ ಹಿಡಿದು 300ರಿಂದ 1200 ಮೈಕ್ರಾನ್ ಕಾಳು ಮಾತ್ರ ಇಟ್ಟುಕೊಳ್ಳುತ್ತೇನೆ. ಹಲ್ಲಿನ ಕ್ರೌನ್ (ಒಸಡಿನಿಂದ ಹೊರಗೆ ಕಾಣುವ ಭಾಗ) ಕತ್ತರಿಸಿ ಎಸೆಯುತ್ತೇನೆ, ಬೇರಿನ ಮೇಲಿನ ಲಿಗಮೆಂಟ್ (ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರು) ಪೂರ್ತಿ ಕೆರೆಯುತ್ತೇನೆ. ಆರ್‌ಸಿಟಿ (ರೂಟ್ ಕೆನಾಲ್) ಆದ ಹಲ್ಲು ಮುಟ್ಟುವುದಿಲ್ಲ. ಹಲ್ಲು ಚೂರು ಒದ್ದೆಯಿದ್ದರೂ ಮಿಲ್ಲಿನ ಹಲ್ಲುಗಳಿಗೆ ಮೆತ್ತಿಕೊಂಡು ಅರ್ಧ ಮಾಲು ಅಲ್ಲೇ ಉಳಿಯುತ್ತದೆ, ಏರ್ ಸಿರಿಂಜ್ ಹಿಡಿದು ಚೆನ್ನಾಗಿ ಒಣಗಿಸಿ. 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ಶೇ. 20 ಎಥನಾಲ್ ಸೇರಿದ ದ್ರಾವಣದಲ್ಲಿ ಪುಡಿಯನ್ನು 10 ನಿಮಿಷ ನೆನೆಸುತ್ತೇನೆ, ಆಮೇಲೆ ಬಫರ್ ಸಲೈನ್‌ನಲ್ಲಿ ಎರಡು ತೊಳೆತ. ನಡುವೆ ಖನಿಜ ಕರಗಿಸುವ ಇಡಿಟಿಎ ಎಷ್ಟು ಹೊತ್ತು ಅನ್ನೋದು ನನ್ನ ಗುಟ್ಟು, ಇಲ್ಲಿ ಬೇಡ.

ಪಿಆರ್‌ಎಫ್‌ಗೆ (ರೋಗಿಯ ರಕ್ತವನ್ನೇ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಪಡೆಯುವ ಫೈಬ್ರಿನ್ ಗಡ್ಡೆ) 2700 ಆರ್‌ಪಿಎಂ, 12 ನಿಮಿಷ. ಬರೀ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಗಾಜಿನದೇ ಬೇಕು. ಮೆಂಬ್ರೇನ್ ಖರ್ಚು ಉಳಿಸೋಣ ಅಂತ ಪಿಆರ್‌ಎಫ್ ಹಾಳೆ ಒಂದನ್ನೇ ಹೊದಿಸಿಯೂ ನೋಡಿದೆ. ಹಲ್ಲು ಕಿತ್ತ ಗುಳಿಗೆ (ಸಾಕೆಟ್) ನಾಲ್ಕೂ ಕಡೆ ಮೂಳೆಯ ಗೋಡೆ ಇದ್ದರೆ ಪರವಾಗಿಲ್ಲ. ಕೆನ್ನೆ ಕಡೆಯ ಗೋಡೆ ಹೋಗಿದ್ದಲ್ಲಿ ಕಾಳು ಒಂದೊಂದೇ ಹೊರಬಂದವು, ಅಂಥಲ್ಲಿ ಕೊಲಾಜನ್ನೇ ಗತಿ.

ಮೇಷ್ಟ್ರದನ್ನು ನಾಲ್ಕು ತಿಂಗಳ ಮೇಲೆ ತೆರೆದೆ. ಕೆನ್ನೆ ಕಡೆ ಗೋಡೆಯೇ ಇಲ್ಲದಿದ್ದ ಜಾಗದಲ್ಲಿ ಏಳು ಮಿ.ಮೀ. ಹತ್ತಿರ ಅಗಲದ ಮೂಳೆ. ಕೆಂಪು ಮೂಳೆಯ ನಡುವೆ ಡೆಂಟಿನ್ ಕಾಳು ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿತ್ತು, ಪ್ರೋಬಿನಲ್ಲಿ ಮೀಟಿದರೂ ಒಂದೂ ಅಲುಗಲಿಲ್ಲ. ಇಂಪ್ಲಾಂಟ್ ತಿರುಗಿಸಿ ಕೂರಿಸುವಾಗ ಟಾರ್ಕ್ (ಅದರ ಬಿಗಿ) 35 ನ್ಯೂಟನ್-ಸೆಂ.ಮೀ. ದಾಟಿತು. ಎರಡು ವರ್ಷವಾಯಿತು, ಅವರು ಆ ಕಡೆಯಲ್ಲೇ ಚಕ್ಕುಲಿ ಕಡಿಯುತ್ತಾರೆ. ನಕ್ಕಿದ್ದ ಗೆಳೆಯ ಈಗ ತಾನು ಕಿತ್ತ ಹಲ್ಲನ್ನು ರೋಗಿಯ ಸಮೇತ ನನ್ನ ಹತ್ತಿರ ಕಳಿಸುತ್ತಾನೆ. ಮಿಲ್ಲಿನ ದುಡ್ಡು ಮೂರ್ನಾಲ್ಕು ಕೇಸಿಗೇ ಹುಟ್ಟಿತು.

ಸೈನಸ್ ಲಿಫ್ಟ್‌ಗೂ (ಮೇಲ್ದವಡೆಯ ಸೈನಸ್ ಪೊರೆ ಎತ್ತಿ ಕೆಳಗೆ ಮೂಳೆ ತುಂಬುವುದು) ಬುದ್ಧಿಹಲ್ಲಿನ ಪುಡಿ ಹಾಕಿ ನೋಡಿದ್ದೇನೆ, ಒಂದು ಹಲ್ಲು ಸಾಲದು. ದವಡೆ ಮೂಳೆಯ ಎತ್ತರ ಏರಿಸುವ ಸಾಹಸಕ್ಕೆ ಇಳಿದಿಲ್ಲ. ಗುಟ್ಕಾ ಬಿಡದವರಿಗಂತೂ ಇದ್ಯಾವುದನ್ನೂ ಮಾಡಲ್ಲ. ಹೊಲಿಗೆ ಬಿಟ್ಟುಕೊಂಡರೆ ಅವರು ದುಡ್ಡು ವಾಪಸ್ ಕೇಳೋದು ಗುಟ್ಕಾ ಅಂಗಡಿಯವನನ್ನಲ್ಲ.